ಸೋಮವಾರ ತಿರುಗಿದ ಗಾಲಿ

ಭಾಗಣ್ಣನನ್ನು ಮೊದಲು ನೋಡಿದವಳು ಅವನ ಹೆಂಡತಿ ಮೌನಮ್ಮ. ಸೋಮವಾರ, ಮಧ್ಯಾಹ್ನದ ಹೊತ್ತು. ಹಿತ್ತಲಿನ ತಗಡಿನ ಶೆಡ್ಡಿನಿಂದ ಇಂಜಿನ್ ಶುರುವಾದ ಸದ್ದು ಬಂತು. ಒಂದು ನಿಮಿಷ ಕಳೆದಿರಲಿಲ್ಲ, ಗೋಡೆ ಬಿದ್ದಂಥ ಸಪ್ಪಳವಾಯಿತು. ಅವಳು ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಓಡಿದಳು. ಇಂಜಿನ್ನಿನ ದೊಡ್ಡ ಗಾಲಿ ಅಚ್ಚಿನಿಂದ ಕಳಚಿ ಎದುರಿನ ಗೋಡೆಗೆ ಒರಗಿತ್ತು. ಗಾಲಿಗೂ ಗೋಡೆಗೂ ನಡುವೆ ಭಾಗಣ್ಣ ಇದ್ದ.

ನಾವು ಠಾಣೆಯವರು ಮುಟ್ಟುವಷ್ಟರಲ್ಲಿ ಅವನಿಗೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಬರೆಯುವುದು ಮಾತ್ರ ಉಳಿದಿತ್ತು. ಅದು ನನ್ನ ಕೆಲಸ.

ನಾನು ಮಲ್ಕಪ್ಪ. ಆಗ ಶಹಾಪುರ ಠಾಣೆಯಲ್ಲಿ ರೈಟರ್. ಐವತ್ತೇಳನೆಯ ಇಸವಿ, ಕುಸುಬಿ ಒಕ್ಕುವ ಕಾಲ. ಹೊಸ ರಾಜ್ಯವಾಗಿ ನಾಲ್ಕು ತಿಂಗಳಾಗಿತ್ತು. ದಫ್ತರಗಳೆಲ್ಲ ಉರ್ದುವಿನಿಂದ ಕನ್ನಡಕ್ಕೆ ಹೊರಳುತ್ತಿದ್ದವು. ನನ್ನಂಥ ಕನ್ನಡ ಬರೆಯಬಲ್ಲವರಿಗೆ ಒಮ್ಮೆಲೇ ಬೆಲೆ ಬಂದಿತ್ತು. ಬೆಲೆಯ ಜೊತೆಗೆ ನನಗೆ ಸೊಕ್ಕೂ ಬಂದಿತ್ತು, ಅದನ್ನು ಈಗ ಮುಚ್ಚಿಡುವುದಿಲ್ಲ.

ನಮ್ಮ ಜಮೇದಾರ ಜಲಾಲುದ್ದೀನರ ಕಥೆ ಬೇರೆ. ಇಪ್ಪತ್ತಾರು ವರ್ಷ ನಿಜಾಮನ ಪೊಲೀಸಿನಲ್ಲಿ ಉರ್ದು ಪಂಚನಾಮೆ ಬರೆದವರು. ಐವತ್ತು ದಾಟಿದ ಮೇಲೆ ಕನ್ನಡ ಪರೀಕ್ಷೆ ಪಾಸು ಮಾಡಬೇಕೆಂದು ಹುಕುಂ ಬಂದಿತ್ತು. ದಿನಾ ಮುಂಜಾನೆ ನನ್ನ ಮುಂದೆ ಪಾಟಿ ಹಿಡಿದು ಕೂರುತ್ತಿದ್ದರು. ಬಲದಿಂದ ಎಡಕ್ಕೆ ಓಡಿ ರೂಢಿಯಾದ ಕೈ, ‘ಕ’ ಬರೆಯಲು ಹೋಗಿ ಜಿಲೇಬಿ ಹಾಕುತ್ತಿತ್ತು. ನಾನು ನಗುತ್ತಿದ್ದೆ. ಅವರೂ ನಗುತ್ತಿದ್ದರು, ಆದರೆ ಪಾಟಿ ಕೆಳಗಿಡುತ್ತಿರಲಿಲ್ಲ.

ಆ ದಿನ ಶೆಡ್ಡಿನಲ್ಲಿ ಅವರು ಹೆಣಕ್ಕಿಂತ ಹೆಚ್ಚು ಹೊತ್ತು ಇಂಜಿನ್ನಿನ ಅಚ್ಚನ್ನು ನೋಡಿದರು.

"ಮಲ್ಕಪ್ಪ, ಇಲ್ಲಿ ಒಂದು ಕೀಲು ಇರಬೇಕು. ಗಾಲಿ ಅಚ್ಚಿಗೆ ಹಿಡಕೊಂಡು ಕುಂದ್ರೂದು ಅದರಿಂದ. ಎಲ್ಲದ ಅದು?"

ಹುಡುಕಿದೆವು. ಗೇಣುದ್ದದ ಉಕ್ಕಿನ ಕೀಲು. ಶೆಡ್ಡಿನ ಮೂಲೆಮೂಲೆ ಗುಡಿಸಿದರೂ ಸಿಗಲಿಲ್ಲ.

* * *

ಇದು ಗಾಣಿಗರ ಮನೆ. ಅಣ್ಣ ಮರಿಲಿಂಗಪ್ಪ, ತಮ್ಮ ಭಾಗಣ್ಣ. ಇಬ್ಬರ ನಡುವೆ ಇಪ್ಪತ್ತೆರಡು ವರ್ಷದ ಅಂತರ. ಅಪ್ಪ ಬೇಗ ಹೋದದ್ದರಿಂದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದವನು ಮರಿಲಿಂಗಪ್ಪ. ಇವರ ಎತ್ತಿನ ಗಾಣದ ಕುಸುಬಿ ಎಣ್ಣೆ ಇಲ್ಲದೆ ಶಹಾಪುರದ ಅರ್ಧ ಒಲೆಗಳ ಮೇಲೆ ಒಗ್ಗರಣೆ ಬೀಳುತ್ತಿರಲಿಲ್ಲ.

ಆದರೆ ಯಾದಗಿರಿಯಲ್ಲಿ ಇಂಜಿನ್ ಗಾಣಗಳು ಬಂದವು. ಎತ್ತಿನ ಗಾಣ ಒಂದು ದಿನ ತಿರುಗಿ ಕೊಡುವ ಎಣ್ಣೆಯನ್ನು ಅವು ಒಂದು ತಾಸಿನಲ್ಲಿ ಕೊಡುತ್ತಿದ್ದವು. ಒಬ್ಬೊಬ್ಬರಾಗಿ ಗಿರಾಕಿಗಳು ಆ ಕಡೆ ಸರಿದರು. ಭಾಗಣ್ಣ ಕಣ್ಣಿದ್ದವನು. ದೀಪಾವಳಿ ಮುಗಿದ ಮೇಲೆ ಒಂದು ಇಂಜಿನ್ ತರಿಸಿದ. ಯಾದಗಿರಿ ಸ್ಟೇಷನ್ನಿಗೆ ಗೂಡ್ಸ್ ಗಾಡಿಯಲ್ಲಿ ಬಂದ ಅದನ್ನು ಶಹಾಪುರಕ್ಕೆ ಎಳೆದು ತಂದದ್ದು ಆರು ಜೋಡಿ ಬಾಡಿಗೆ ಎತ್ತು. ಮರಿಲಿಂಗಪ್ಪ ತನ್ನ ಎತ್ತು ಕೊಡಲಿಲ್ಲ. ‘ಇಂಜಿನ್ನಿನ ಎಣ್ಣಿ ಸುಟ್ಟ ಎಣ್ಣಿ, ನಾಲಗಿ ಮ್ಯಾಲ ಇಡಾಕ ಬರಂಗಿಲ್ಲ’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಇಂಜಿನ್ ನಿಲ್ಲಿಸಿ ಕೊಟ್ಟವನು ಯಾದಗಿರಿಯ ಯಾಕೂಬಸಾಬ ಮಿಸ್ತ್ರಿ. ಶನಿವಾರ ಅರ್ಧ ತಾಸು ಬರೀ ಇಂಜಿನ್ ಓಡಿಸಿ ನೋಡಿದ್ದ. ಗಾಣಕ್ಕೆ ಪಟ್ಟಾ ಹಾಕಿ ಬಸ್ಸು ಹತ್ತಿದ್ದ. ಮಂಗಳವಾರ ಮುಂಜಾನೆ ಅವನೇ ಬಂದು ನಟ್ಟು ಬೋಲ್ಟು ಪರೀಕ್ಷೆ ಮಾಡಿ, ಯಾದಗಿರಿಯ ಎಣ್ಣೆ ವ್ಯಾಪಾರಿಗಳ ಮುಂದೆ ಚಾಲೂ ಮಾಡುವುದೆಂದು ಮಾತಾಗಿತ್ತು. ಭಾಗಣ್ಣ ಸೋಮವಾರವೇ ಒಬ್ಬನೇ ಹೋಗಿ ಹ್ಯಾಂಡಲ್ ತಿರುವಿದ.

ನಮ್ಮ ಸಬ್‌ಇನ್ಸ್‌ಪೆಕ್ಟರ್ ಸಾಹೇಬರು ಮಂಗಳೂರಿನ ಕಡೆಯವರು. ಶಹಾಪುರಕ್ಕೆ ಬಂದು ಆರು ವಾರ. ಪುಸ್ತಕದ ಕನ್ನಡ ಮಾತಾಡುತ್ತಿದ್ದರು.

"ಇಂಜಿನನ್ನು ಕೊನೆಗೆ ಮುಟ್ಟಿದವರು ಯಾರು?"

"ಯಾಕೂಬಸಾಬ, ಸರ್," ಎಂದೆ.

"ಹಾಗಾದರೆ ಅವನೇ. ಒಂದೋ ಕೀಲು ಹಾಕಲು ಮರೆತಿದ್ದಾನೆ. ಅಲ್ಲವೆಂದರೆ ಯಾದಗಿರಿಯ ಗಾಣದವರ ಮಾತು ಕೇಳಿ ತೆಗೆದಿದ್ದಾನೆ."

ಜಮೇದಾರರು ಮೆಲ್ಲಗೆ ಅಂದರು: "ಹುಜೂರ್, ಕೀಲು ಇಲ್ಲದ ಗಾಲಿ ಶನಿವಾರ ಅರ್ಧ ತಾಸು ತಿರಗತಿರಲಿಲ್ಲರಿ. ಓಣಿ ಮಂದೆಲ್ಲಾ ನೋಡ್ಯಾರ."

"ಆಮೇಲೆ ತೆಗೆದಿರಬಹುದು. ಬಸ್ಸು ಹತ್ತುವ ಮೊದಲು." ಸಾಹೇಬರು ನನ್ನ ಕಡೆ ತಿರುಗಿದರು. "ಬರೆಯಿರಿ."

ಬರೆದೆ. ದುಂಡಗಿನ ಅಕ್ಷರದಲ್ಲಿ, ಒಂದೂ ಕಾಟು ಹೊಡೆಯದೆ ಬರೆದೆ. ಸಂಜೆಯೊಳಗೆ ಯಾಕೂಬಸಾಬನನ್ನು ಯಾದಗಿರಿಯಿಂದ ತಂದು ಒಳಗೆ ಹಾಕಿದರು. ಅದೇ ಸಂಜೆ ಮರಿಲಿಂಗಪ್ಪ ಸುರಪುರದಿಂದ ಬಸ್ಸಿಳಿದ. ಅವನು ವಾರವಾರ ಸೋಮವಾರ ಸುರಪುರದ ತಂಗಿಯ ಮನೆಗೆ ಹೋಗಿ ಬರುತ್ತಿದ್ದ. ಸುದ್ದಿ ಕೇಳಿದವನು ಬಸ್ ನಿಲ್ದಾಣದಲ್ಲೇ ಕುಸಿದ. ನಾಲ್ಕು ಜನ ಹಿಡಿದು ಮನೆಗೆ ತಂದರು.

* * *

ಮಂಗಳವಾರ. ಲಾಕಪ್ಪಿನ ಸರಳಿನ ಹಿಂದೆ ಯಾಕೂಬಸಾಬ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಅವನ ಹೆಂಡತಿ ಶರೀಫಾಬೀ ಊಟದ ಡಬ್ಬಿ ಹಿಡಿದು ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಳು.

"ಜೈಲಿಗೆ ಹೋಗೂದು ಹೋಗ್ತೀನಿ, ಜಮೇದಾರ್ ಸಾಬ್," ಎಂದ ಯಾಕೂಬಸಾಬ. "ಯಾದಗಿರಿಯಿಂದ ಸುರಪುರದ ತನಕ ಏಳು ಇಂಜಿನ್ ನಿಲ್ಲಸೀನಿ. ಇವತ್ತ ನಾಕು ಮಂದಿ ಬಂದ್ ಮಾಡ್ಯಾರಂತ, ಮಿಸ್ತ್ರಿ ಮ್ಯಾಲ ಭರೋಸಾ ಇಲ್ಲಂತ. ನಾಳೆ ಹೊರಗ ಬಂದ್ರೂ ನನ್ನ ಕೈಯಾಗ ಯಾರು ಪಾನಾ ಕೊಡ್ತಾರ?"

"ಅದು ಇರಲಿ. ನೀ ಆ ಕೀಲು ತೆಗೀಬೇಕಂದ್ರ ಹ್ಯಾಂಗ ತೆಗೀತಿ?"

"ಉಕ್ಕಿನ ಚಾಣ ಇಟ್ಟು ಹತೋಡಿಲೇ ಹೊಡೀತೀನ್ರಿ. ಭಾಳ ಬಿಗಿ ಇರ್ತದ. ಗುರುತು ಬಿದ್ದೇ ಬೀಳ್ತದ."

ಜಮೇದಾರರು ನನ್ನನ್ನು ಕರೆದುಕೊಂಡು ಮತ್ತೆ ಶೆಡ್ಡಿಗೆ ಹೋದರು. ಗಾಲಿಯ ನಡುತೂತಿನ ಸುತ್ತ ಬೆರಳಾಡಿಸಿದರು. ಉಕ್ಕಿನ ಗುರುತು ಒಂದೂ ಇರಲಿಲ್ಲ. ಕೀಲು ಕೂರುವ ಸಂದಿಯಿಂದ ಚಿಕ್ಕದೊಂದು ಸಿಬಿರು ಎಬ್ಬಿಸಿ ನನ್ನ ಅಂಗೈಗೆ ಹಾಕಿದರು.

"ಜಾಲಿ ಕಟ್ಟಿಗಿ," ಎಂದೆ.

"ಮಿಸ್ತ್ರಿಗೆ ಕಟ್ಟಿಗಿ ಕೊಡತಿ ಎದಕ್ಕ ಬೇಕು? ಗಾಣದ ಬೆಣಿ ಬಡಿಯೂ ಕಟ್ಟಿಗಿ ಕೊಡತಿ ಹಿಡದು ರೂಢಿ ಇದ್ದಂವ ಯಾರು?"

ನನ್ನ ತಲೆ ಕೂಡಲೇ ಓಡಿತು. "ದೇವಿಂದ್ರರಿ."

ದೇವಿಂದ್ರ ಹದಿನೈದು ವರ್ಷ ಆ ಮನೆಯ ಗಾಣದ ಎತ್ತು ಹೊಡೆದವನು. ಇಂಜಿನ್ ಬರುತ್ತದೆ ಎಂದ ಕೂಡಲೇ ಅವನಿಗೆ ಕೆಲಸ ತಪ್ಪಿತು. ‘ಅದರ ಗಾಲಿ ಮುರದು ಹೋಗಲಿ’ ಎಂದು ಚಹಾದಂಗಡಿಯಲ್ಲಿ ಹತ್ತು ಜನರ ಮುಂದೆ ಶಾಪ ಹಾಕಿದ್ದ. ಈಗ ಸೈದಾಪುರ ಸ್ಟೇಷನ್ನಿನಲ್ಲಿ ಚೀಲ ಹೊರುತ್ತಾನೆಂದು ಕೇಳಿ ಅಲ್ಲಿಗೇ ಹೋದೆವು.

ಬೆನ್ನ ಮೇಲಿನ ಶೇಂಗಾ ಚೀಲ ಇಳಿಸಿ ದೇವಿಂದ್ರ ಬೆವರು ಒರೆಸಿಕೊಂಡ. ಭಾಗಣ್ಣ ಸತ್ತ ಸುದ್ದಿ ಅವನಿಗೆ ನಾವೇ ಹೇಳಿದೆವು. ಅವನು ಇಳಿಸಿದ ಚೀಲದ ಮೇಲೆಯೇ ಕೂತ.

"ಹೌದ್ರಿ, ಮುರೀಲಿ ಅಂದೀನಿ. ಸಿಟ್ಟಿನ ಕೈಯಾಗ ಅಂದೀನಿ. ಆದ್ರ ಈ ಕೆಲಸಕ್ಕ ಚೀಟಿ ಬರದು ನನ್ನ ಕಳಿಸಿದಂವ ಭಾಗಣ್ಣನೇ. ಗಾಣದ ಸುತ್ತ ತಿರಗಿ ತಿರಗಿ ನಾನೂ ಒಂದು ಎತ್ತ ಆಗಿದ್ದೆ. ಇಲ್ಲಿ ಅದಕ್ಕಿಂತ ಪಾಡ ಅದೀನ್ರಿ."

ಹಮಾಲರ ಮೇಸ್ತ್ರಿಯನ್ನು ಕೇಳಿದೆವು. ಗುರುವಾರದಿಂದ ದೇವಿಂದ್ರ ಸೈದಾಪುರ ಬಿಟ್ಟು ಹೋಗಿರಲಿಲ್ಲ. ಎರಡು ಬಸ್ಸು ಬದಲಿಸಿ ಬಂದದ್ದಕ್ಕೆ ನನಗೆ ಸಿಕ್ಕಿದ್ದು ಸೊಂಟನೋವು. ಜಮೇದಾರರಿಗೆ ಬೇರೆ ಏನೋ ಸಿಕ್ಕಿತ್ತು.

* * *

ಬುಧವಾರ ಅವರು ಎತ್ತಿನ ಗಾಣದ ಕೋಣೆ ನೋಡಬೇಕೆಂದರು. ಅದು ಮನೆಯ ಆಚೆ ಬದಿ. ಸಾಹೇಬರು ಅಲ್ಲಿಗೆ ಕಾಲೇ ಇಟ್ಟಿರಲಿಲ್ಲ. ಸತ್ತದ್ದು ಇಂಜಿನ್ ಶೆಡ್ಡಿನಲ್ಲಿ, ಹಳೇ ಗಾಣದ ಕೋಣೆಯಲ್ಲಿ ಹುಡುಕುವುದೇನು ಎಂದಿದ್ದರು. ನನಗೂ ಹಾಗೇ ಅನ್ನಿಸಿತ್ತು.

ಒಳಗೆ ಹಿಂಡಿಯ ವಾಸನೆ. ಗಾಣದ ಪಕ್ಕ ಜಾಲಿ ಕಟ್ಟಿಗೆಯ ಕೊಡತಿ. ಅದರ ಮೂತಿ ಹೊಸದಾಗಿ ಚೆಕ್ಕೆ ಎದ್ದಿತ್ತು. ಗೋಡೆಯ ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಹಿಂದೆ ಒಂದು ಬಟ್ಟೆಯ ಗಂಟು. ಬಿಚ್ಚಿದರೆ ಗೇಣುದ್ದದ ಕೀಲು. ಬಟ್ಟೆ ಕುಸುಬಿ ಎಣ್ಣೆಯಲ್ಲಿ ನೆಂದಿತ್ತು.

"ಮಲ್ಕಪ್ಪ, ಕೊಲ್ಲಾಕಂತ ತೆಗೆದಂವ ಇದನ್ನ ಎಲ್ಲಿ ಒಗೀತಾನ?"

"ಬಾವ್ಯಾಗರಿ."

"ಇಂವ ಜಂಗು ಹಿಡೀಬಾರದಂತ ಎಣ್ಣಿ ಹಚ್ಚಿ ದೇವರ ಹಂತ್ಯಾಕ ಇಟ್ಟಾನ. ಮುಂದ ಯಾವಾಗರ ತಿರುಗಿ ಕೊಡಬೇಕಂತ ಇಟ್ಟಾನ."

ನಾನು ಕೊಡತಿಯ ಕಡೆ ನೋಡಿದೆ. ದೇವಿಂದ್ರ ಅಲ್ಲವೆಂದ ಮೇಲೆ ಅದನ್ನು ಹಿಡಿಯುವವನು ಮರಿಲಿಂಗಪ್ಪ ಒಬ್ಬನೇ. ಅದೇ ಮರಿಲಿಂಗಪ್ಪ ಎರಡು ದಿನದಲ್ಲಿ ಎರಡು ಸಲ ಠಾಣೆಗೆ ಬಂದು ಬೆಂಚಿನ ಮೇಲೆ ಸುಮ್ಮನೆ ಕೂತು ಹೋಗಿದ್ದ. ನಾನು ನೀರು ಕೊಟ್ಟು, ‘ಚಿಂತಿ ಮಾಡಬ್ಯಾಡ್ರಿ, ಮಿಸ್ತ್ರಿ ಸಿಕ್ಕಾನ’ ಎಂದು ಸಮಾಧಾನ ಹೇಳಿ ಕಳಿಸಿದ್ದೆ. ನಾನು ಒಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಅವನೇ ಬಾಯಿ ಬಿಡುತ್ತಿದ್ದನೇನೋ. ಆ ನೋವು ನನ್ನನ್ನು ಇನ್ನೂ ಬಿಟ್ಟಿಲ್ಲ.

"ತಮ್ಮನ್ನ ಕೊಲ್ಲೂ ಮನಶಾ ಅಲ್ಲರಿ ಅಂವ," ಎಂದೆ.

"ಅಲ್ಲ. ಅದಕ್ಕೇ ನನಗ ಇನ್ನೂ ಒಂದು ಮಾತು ಬೇಕಾಗ್ಯಾದ."

ಆ ಮಾತನ್ನು ಕೊಟ್ಟವಳು ಮೌನಮ್ಮ, ಏನೂ ತಿಳಿಯದೆ ಕೊಟ್ಟಳು. ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಿಂತಿದ್ದಳು. ಮೂರು ವರ್ಷದ ಮಗಳು ಕಾಲಿಗೆ ಜೋತುಬಿದ್ದಿದ್ದಳು. ಐತವಾರ ಮನೆಯಲ್ಲಿ ಏನು ಮಾತಾಯಿತು ಎಂದು ಜಮೇದಾರರು ಕೇಳಿದರು.

"ಏನಿಲ್ಲರಿ. ಭಾವ ಉಣ್ಣಾಕ ಕುಂತಾಗ ಕೂಸಿನ್ನ ತೊಡಿ ಮ್ಯಾಲ ಕುಂದ್ರಿಸಿಕೊಂಡಿದ್ರು. ‘ಮಂಗಳಾರ ಇಂಜಿನ್ ಮನಿ ಕಡಿ ಕೂಸಿನ್ನ ಬಿಡಬ್ಯಾಡ, ಮೌನಮ್ಮ, ಗಟ್ಟಿ ಹಿಡಕೋ’ ಅಂದ್ರು. ಇಂಜಿನ್ ಕಂಡ್ರ ಆಗತಿರಲಿಲ್ಲ ಅವರಿಗೆ, ಆದ್ರ ಕೂಸಿನ ಮ್ಯಾಲ ಭಾಳ ಜೀವ."

"ಮಂಗಳವಾರ ಅಂತನೇ ಅಂದ್ರೇನು?"

"ಹೌದ್ರಿ. ಮಂಗಳಾರ."

ಹೊರಗೆ ಬಂದ ಮೇಲೆ ಜಮೇದಾರರು ಬೇವಿನ ಗಿಡದ ಕೆಳಗೆ ನಿಂತರು.

"ಮಲ್ಕಪ್ಪ, ನಿಮ್ಮ ಮಂದಿ ಸೋಮವಾರ ಎತ್ತು ಹೂಡ್ತೀರೇನು?"

"ಛೇ, ಇಲ್ಲರಿ. ಬಸವಣ್ಣನ ವಾರ. ಅವತ್ತ ಎತ್ತಿನ ಹೆಗಲ ಮ್ಯಾಲ ನೊಗ ಇಡಂಗಿಲ್ಲ."

"ಗಾಣ?"

"ಎತ್ತು ಇಲ್ಲದ ಮ್ಯಾಲ ಗಾಣ ಹ್ಯಾಂಗ ತಿರಗ್ತದ್ರಿ? ಸೋಮವಾರ ಗಾಣ ಬಂದ್."

"ಇಂಜಿನ್?"

ನಾನು ತಿರುಗಿ ಹಿತ್ತಲಿನ ತಗಡಿನ ಶೆಡ್ಡಿನ ಕಡೆ ನೋಡಿದೆ.

* * *

ಗುರುವಾರ ಮುಂಜಾನೆ ಇಂಜಿನ್ ಶೆಡ್ಡಿನಲ್ಲಿ ಎಲ್ಲರೂ ಸೇರಿದೆವು. ಸಾಹೇಬರು ಕುರ್ಚಿ ತರಿಸಿಕೊಂಡು ಕೂತರು. ಯಾಕೂಬಸಾಬನನ್ನು ಕೈಗೆ ಬೇಡಿ ಹಾಕಿ ತಂದಿದ್ದರು. ಮೌನಮ್ಮ ಬಾಗಿಲಲ್ಲಿ. ಮರಿಲಿಂಗಪ್ಪ ನೆಲದ ಮೇಲೆ, ಮೊಣಕಾಲಿನ ನಡುವೆ ಕೈಯಿಟ್ಟುಕೊಂಡು.

ಜಮೇದಾರರು ಎಣ್ಣೆಬಟ್ಟೆಯ ಗಂಟು ಬಿಚ್ಚಿ ಕೀಲನ್ನು ಇಂಜಿನ್ನಿನ ಮೇಲಿಟ್ಟರು. ಮರಿಲಿಂಗಪ್ಪ ಅದನ್ನು ನೋಡಲಿಲ್ಲ. ಯಾಕೂಬಸಾಬ ನೋಡಿದ.

"ಹುಜೂರ್, ಈ ಕೀಲು ಮಿಸ್ತ್ರಿ ತೆಗೆದಿಲ್ಲ," ಎಂದರು ಜಮೇದಾರರು. "ಇದು ಹೊರಗ ಬಂದದ್ದು ಕಟ್ಟಿಗಿ ಕೊಡತಿ ಪೆಟ್ಟಿಗೆ. ಸಿಬಿರು ಇಲ್ಲಿ ಸಿಕ್ಕದ, ಕೊಡತಿ ಗಾಣದ ಕ್ವಾಣ್ಯಾಗ ಅದ. ಅದನ್ನ ಹಿಡಿಯವರು ಇಬ್ಬರೇ. ಒಬ್ಬ ಸೈದಾಪುರದಾಗ ಚೀಲ ಹೊರಾಕತ್ತಾನ."

ಸಾಹೇಬರು ಮರಿಲಿಂಗಪ್ಪನ ಕಡೆ ತಿರುಗಿದರು. "ಅಣ್ಣನೇ ತಮ್ಮನನ್ನು ಕೊಂದನೆಂದು ಹೇಳುತ್ತೀರಾ?"

"ಕೊಲ್ಲಬೇಕಂತ ಮಾಡಿಲ್ಲ, ಹುಜೂರ್. ಮಂಗಳವಾರ ಮಿಸ್ತ್ರಿ ಬಂದು ಪರೀಕ್ಷಾ ಮಾಡ್ತಾನ. ಕೀಲು ಇಲ್ಲ ಅಂತ ಅವಾಗ ಗೊತ್ತಾಗ್ತದ. ಇಂಜಿನ್ ಚಾಲೂ ಆಗಂಗಿಲ್ಲ. ಯಾದಗಿರಿ ವ್ಯಾಪಾರಿಗಳು ನಕ್ಕು ಎದ್ದು ಹೋಗ್ತಾರ. ತಮ್ಮಗ ಬ್ಯಾಸರಾಗಿ ಇಂಜಿನ್ ಬಿಡ್ತಾನ. ಇಷ್ಟೇ ಇವರ ಲೆಕ್ಕ. ಆದ್ರೂ ಮನಸಿನಾಗ ಒಂದು ಅಳುಕು ಇತ್ತು, ಅದಕ್ಕ ಮಂಗಳವಾರ ಕೂಸಿನ್ನ ದೂರ ಇಡು ಅಂತ ಹೇಳ್ಯಾರ. ಐತವಾರ ಕೀಲು ತೆಗೆದು ಸೋಮವಾರ ಸುರಪುರಕ್ಕ ಹೋದ್ರು. ಸೋಮವಾರದ ಬಗ್ಗೆ ಯಾರಿಗೂ ಏನೂ ಹೇಳಲಿಲ್ಲ. ಇವರ ತಲಿಯಾಗ ಸೋಮವಾರ ಗಾಣ ತಿರಗೂ ದಿನ ಅಲ್ಲ. ಎತ್ತಿನ ರಜಾ ಇಂಜಿನ್ನಿಗೂ ಅದ ಅಂತ ತಿಳಕೊಂಡ್ರು."

ಸಾಹೇಬರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆರು ವಾರದಲ್ಲಿ ಅವರು ತಬ್ಬಿಬ್ಬಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಮರಿಲಿಂಗಪ್ಪನವರ, ನಾ ಅಂದದ್ದು ಖರೇ ಏನು?"

"ಖರೇ ಅದರಿ." ಮುದುಕ ಈಗ ಕೀಲಿನ ಕಡೆ ನೋಡಿದ. "ಸೋಮವಾರ ಅನ್ನೂದು ನನ್ನ ತಲಿಗೇ ಬರಲಿಲ್ಲ. ನಮ್ಮಪ್ಪ ಸೋಮವಾರ ಗಾಣ ಮುಟ್ಟಲಿಲ್ಲ, ನಾ ಮುಟ್ಟಲಿಲ್ಲ."

"ಮೂರು ದಿನ ಯಾಕೂಬ ಒಳಗ ಕುಂತಾನ. ಗೊತ್ತಿದ್ದೂ ಸುಮ್ಮನಿದ್ರಿ."

"ಎರಡು ಸಲ ಹೇಳಾಕ ಬಂದೀನ್ರಿ. ಬಾಯಿ ಬರಲಿಲ್ಲ." ಮರಿಲಿಂಗಪ್ಪ ಯಾಕೂಬಸಾಬನ ಕಡೆ ತಿರುಗಿ ಕೈ ಮುಗಿದ. "ಮಿಸ್ತ್ರಿ, ನಿನಗ ಮಾರಿ ತೋರಸೂ ಹಂಗ ನಾ ಉಳದಿಲ್ಲಪ್ಪ."

ಯಾಕೂಬಸಾಬ ಬೇಡಿ ಹಾಕಿದ ಕೈ ಮುಂದೆ ಚಾಚಿದ. ಅವನ ಬೇಡಿ ಬಿಚ್ಚಿದವನು ನಾನು. ‘ತಪ್ಪಾತು, ಯಾಕೂಬಣ್ಣ’ ಎಂದು ಮೆಲ್ಲಗೆ ಹೇಳಿದೆ. ಅವನಿಗೆ ಕೇಳಿಸಿತೋ ಇಲ್ಲವೋ.

ಇನ್ನು ಹೊರಡುವುದೆಂದು ಸಾಹೇಬರು ಎದ್ದರು. ಮರಿಲಿಂಗಪ್ಪ ಏಳಲಿಲ್ಲ.

"ಜಮೇದಾರ್ ಸಾಹೇಬ್ರ, ಎಲ್ಲಾ ಶೋಧ ಮಾಡಿದ್ರಿ. ಇದೊಂದು ಹೇಳ್ರಿ. ಅಂವ ಸೋಮವಾರ ಇದನ್ನ ಯಾಕ ಮುಟ್ಟಿದ? ಒಂದು ದಿನ ತಡೀಲಿಕ್ಕೆ ಏನಾಗಿತ್ತು?"

ಉತ್ತರ ಬಂದದ್ದು ಬಾಗಿಲ ಕಡೆಯಿಂದ. ಮೌನಮ್ಮ ಹೊಸ್ತಿಲು ದಾಟಿ ಒಳಗೆ ಬಂದಿದ್ದಳು. ಮದುವೆಯಾಗಿ ಆರು ವರ್ಷದಲ್ಲಿ ಭಾವನ ಮುಖ ನೋಡಿ ಅವಳು ಮಾತಾಡಿದ್ದು ಅದೇ ಮೊದಲಿರಬೇಕು.

"ನಿಮಗಾಗಿ ಮುಟ್ಟಿದ್ರು, ಭಾವ. ನೀವು ಸುರಪುರಕ್ಕ ಹೋದ ಮ್ಯಾಲ ಒಂದು ಸೇರು ಕುಸುಬಿ ಹಾಕಿದ್ರು, ಹಿತ್ತಾಳಿ ತಂಬಿಗಿ ತೊಳದು ಹಿಡದ್ರು. ‘ಮೊದಲ ಎಣ್ಣಿ ಅಣ್ಣಗ. ಅಣ್ಣ ರುಚಿ ನೋಡಿ ಹೂಂ ಅಂದ್ರ ನಾಳಿಗೆ ಮಂದಿ ಮುಂದ ಅವನ ಕೈಲೇ ಚಾಲೂ ಮಾಡಸ್ತೀನಿ’ ಅಂದ್ರು."

"ಒಲ್ಲೆ ಅಂದಿದ್ರ?" ಮರಿಲಿಂಗಪ್ಪ ಕೇಳಿದ.

"‘ಒಲ್ಲೆ ಅಂದ್ರ ಇಂಜಿನ್ ಯಾದಗಿರಿಗೆ ವಾಪಸ್ ಕಳಸ್ತೀನಿ, ಅಣ್ಣನ ಬಿಟ್ಟು ನನಗ ಯಾ ಗಾಣನೂ ಬ್ಯಾಡ’ ಅಂದಿದ್ರು."

ಮುದುಕ ತಲೆ ಎತ್ತಿ ಅವಳನ್ನು ನೋಡಿದ.

"ಇದನ್ನ ಒಂದು ಮಾತು ನನಗ ಹೇಳಬಾರದಿತ್ತೇನು, ಮೌನಮ್ಮ? ಒಂದೇ ಮಾತು."

"ಹ್ಯಾಂಗ ಹೇಳ್ತಾರ, ಭಾವ?" ಎಂದಳು ಅವಳು. ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. "ಇಂಜಿನ್ ಬಂದ ದಿನದಿಂದ ನೀವು ಅವರ ಕೂಡ ಮಾತು ಬಿಟ್ಟಿದ್ರಿ."